ಸರದಿಯಲ್ಲಿ ಇಲ್ಲದ ಹೆಸರು

ಕ್ಯಾಲಿಫೋರ್ನಿಯಾದ ರೀಡ್ಲಿ ಊರಿನ ಆಚೆಗಿರುವ, ಪೀಚ್ ಹಣ್ಣು ಡಬ್ಬಕ್ಕೆ ತುಂಬುವ ಶೆಡ್ಡಿನಲ್ಲಿ ಯಾರಾದರೂ "ನಿನ್ನ ಕಾಗದದ ವಿಷಯ ಏನಾಯ್ತೇ ತ್ರಿನಿ?" ಎಂದು ಕೇಳಿದರೆ ಅವಳ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು.

"ನಮ್ಮಕ್ಕ ಅರ್ಜಿ ಹಾಕಿದಾಳೆ ಕಣ್ರೇ. ಸರದೀಲಿದೀನಿ. ಸಾಲು ಉದ್ದ, ಅಷ್ಟೇ."

"ನಿನ್ನ ಸರದಿ ಬರೋ ಹೊತ್ತಿಗೆ ನಿನ್ನ ಗೋರಿ ಮೇಲೆ ಹುಲ್ಲು ಬೆಳೆದಿರುತ್ತೆ. ಗ್ರೀನ್ ಕಾರ್ಡನ್ನ ಅಲ್ಲೇ ನೆಟ್ಟು ಹೋಗ್ತಾರೆ ಬಿಡು" ಎಂದು ಜೊತೆಯವಳೊಬ್ಬಳು ಕಾಲೆಳೆಯುತ್ತಿದ್ದಳು.

"ನೆಡ್ಲಿ! ನನ್ನ ಹೆಸರಿನ ಕಾರ್ಡೇ ತಾನೆ? ನಿನ್ನ ಥರ ಬಾಡಿಗೆ ಹೆಸರಲ್ಲಿ ಸಾಯಲ್ಲ ನಾನು."

ಹನ್ನೆರಡು ವರ್ಷಗಳಿಂದ ಇದೇ ಮಾತು, ಇದೇ ನಗು. ಭಾನುವಾರ ಅಕ್ಕನ ಮನೆಗೆ ಬಂದಾಗ ತ್ರಿನಿ ಇದನ್ನೆಲ್ಲ ಅಭಿನಯಿಸಿ ಹೇಳುತ್ತಿದ್ದಳು. ಅಕ್ಕ ಎಲೋದಿಯಾ ನಕ್ಕಂತೆ ಮಾಡಿ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಏಕೆಂದರೆ ಅವಳು ಅರ್ಜಿ ಹಾಕಿರಲೇ ಇಲ್ಲ.

ಅಕ್ಕತಂಗಿಯರಿಬ್ಬರೂ ಮೆಕ್ಸಿಕೋದ ಮಿಚೊಅಕಾನ್ ಸೀಮೆಯ ಒಂದೇ ಹಳ್ಳಿಯಿಂದ ಬಂದು, ಒಂದೇ ಗುಂಪಿನಲ್ಲಿ ಕದ್ದು ಗಡಿ ದಾಟಿದವರು. ಎಂಬತ್ತನಾಲ್ಕನೆಯ ಇಸವಿ. ಎಲೋದಿಯಾಳಿಗೆ ಇಪ್ಪತ್ತನಾಲ್ಕು, ತ್ರಿನಿಗೆ ಇಪ್ಪತ್ತು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳಲ್ಲಿ ಕೆಲಸಕ್ಕೆ ನಿಲ್ಲಬೇಕಾದರೆ ಕೈಯಲ್ಲೊಂದು ಗುರುತಿನ ಕಾರ್ಡು ಬೇಕಿತ್ತು. ಇಬ್ಬರಿಗೂ ಸೇರಿ ಸಿಕ್ಕಿದ್ದು ಒಂದೇ ಕಾರ್ಡು. ಅದರ ಮೇಲಿದ್ದ ಹೆಸರು ಅಂಪಾರೋ ಲುಹಾನ್. ಅಂಥ ಹೆಂಗಸು ಭೂಮಿಯ ಮೇಲೆ ಇದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಎಲೋದಿಯಾಳ ಮಗ ಆಗ ಎದೆಹಾಲು ಕುಡಿಯುವ ಕೂಸು. ಒಬ್ಬಳು ಮನೆಯಲ್ಲಿ ಕೂಸು ನೋಡಿಕೊಂಡರೆ ಇನ್ನೊಬ್ಬಳು ಅಂಪಾರೋ ಆಗಿ ತೋಟಕ್ಕೆ ಹೋಗುತ್ತಿದ್ದಳು. ಬಳ್ಳಿಸಾಲುಗಳ ನಡುವೆ ಕಾಗದ ಹಾಸಿ, ದ್ರಾಕ್ಷಿ ಗೊಂಚಲು ಕೊಯ್ದು, ಒಣಗಲು ಹರಡುವ ಕೆಲಸ. ಮೇಸ್ತ್ರಿ ದೋನ್ ಚೆಮಾನಿಗೆ ಎಲ್ಲ ಗೊತ್ತಿತ್ತು.

"ಏನಮ್ಮಾ ಅಂಪಾರೋ, ನಿನ್ನೆ ಎತ್ತರ ಇದ್ದೆ, ಇವತ್ತು ಕುಳ್ಳಿ ಆಗಿದೀಯ? ಬಿಸಿಲಿಗೆ ಕುಗ್ಗಿಹೋದ್ಯಾ?" ಎಂದು ತಮಾಷೆ ಮಾಡುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಸರ್ಕಾರ ಹೊಸ ಕಾನೂನು ತಂದಿತು. ಎಂಬತ್ತೈದರ ಮೇ ತಿಂಗಳಿಂದ ಮುಂದಿನ ಮೇವರೆಗೆ ಹೊಲದಲ್ಲಿ ತೊಂಬತ್ತು ದಿನ ದುಡಿದವರು ಮೇಸ್ತ್ರಿಯ ಚೀಟಿ ತಂದರೆ ಅವರಿಗೆ ಇಲ್ಲಿರುವ ಹಕ್ಕು, ಮುಂದೆ ಪೌರತ್ವ. ಕಣಿವೆಯ ತುಂಬ ಜನ ಚೀಟಿಗಾಗಿ ಓಡಿದರು. ಅಕ್ಕತಂಗಿಯರೂ ದೋನ್ ಚೆಮಾನ ಮನೆ ಬಾಗಿಲಲ್ಲಿ ನಿಂತರು. ಅವನು ತನ್ನ ಹಾಜರಿ ಪುಸ್ತಕ ತಿರುವಿ ನೋಡಿದ.

"ಅಂಪಾರೋ ತೊಂಬತ್ತೇಳು ದಿನ ಬಂದಿದಾಳೆ. ಅಂಪಾರೋ ಒಬ್ಳೇ, ಚೀಟೀನೂ ಒಂದೇ. ನಿಮ್ಮಲ್ಲಿ ಯಾರು ಅಂಪಾರೋ ಅಂತ ನೀವೇ ತೀರ್ಮಾನ ಮಾಡ್ಕೊಂಡು ಬನ್ನಿ, ಆ ಹೆಸರಲ್ಲಿ ದುಡಿದದ್ದು ಇವಳೇ ಅಂತ ಅವಳ ನಿಜ ಹೆಸರಿಗೆ ಬರ್ಕೊಡ್ತೀನಿ. ನನ್ನ ತಲೆ ತಿನ್ಬೇಡಿ."

ಆ ದಿನ ಅವನ ಅಂಗಳದ ಬೇಲಿಗೆ ಒರಗಿ ಇಬ್ಬರೂ ಬೆರಳು ಮಡಚಿ ಲೆಕ್ಕ ಹಾಕಿದರು. ಎಲೋದಿಯಾ ಹೋದದ್ದು ಮೂವತ್ತೊಂಬತ್ತು ದಿನ. ತ್ರಿನಿ ಹೋದದ್ದು ಐವತ್ತೆಂಟು. ಇಬ್ಬರಲ್ಲಿ ಯಾರ ದಿನಗಳೂ ತೊಂಬತ್ತು ಮುಟ್ಟುತ್ತಿರಲಿಲ್ಲ. ಸೇರಿಸಿದರೆ ಮಾತ್ರ ಒಬ್ಬಳಿಗೆ ಸಾಕು.

ತ್ರಿನಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ನೀನೇ ಅಂಪಾರೋ ಆಗಕ್ಕ. ನಿಂಗೆ ಮಗು ಇದೆ. ನಿಂಗೆ ಪೌರತ್ವ ಬಂದ್ಮೇಲೆ ನನ್ನನ್ನ ಸೇರಿಸ್ಕೊ. ಅಕ್ಕತಂಗೀರಿಗೆ ದಾರಿ ಇದೆಯಂತೆ."

ಎಲೋದಿಯಾ ಅವಳನ್ನು ಅಪ್ಪಿಕೊಂಡು, ಸತ್ತ ತಂದೆಯ ಮೇಲೆ ಆಣೆ ಇಟ್ಟು ಮಾತು ಕೊಟ್ಟಳು. ಕೊಟ್ಟಾಗ ಆ ಮಾತು ಅಪ್ಪಟ ನಿಜವೇ ಆಗಿತ್ತು.

ತೊಂಬತ್ತೇಳರಲ್ಲಿ ಫ್ರೆಸ್ನೋದ ದೊಡ್ಡ ಸಭಾಂಗಣದಲ್ಲಿ ಎಲೋದಿಯಾ ಬಲಗೈ ಎತ್ತಿ ಪೌರತ್ವದ ಪ್ರಮಾಣವಚನ ಸ್ವೀಕರಿಸಿದಳು. ತ್ರಿನಿ ಒಳಗೆ ಬರಲು ಹೆದರಿ, ರಸ್ತೆಯ ಆಚೆ ಮರದ ನೆರಳಲ್ಲಿ ಹೂಗುಚ್ಛ ಹಿಡಿದು ಎರಡು ಗಂಟೆ ನಿಂತಿದ್ದಳು. ಅಷ್ಟರಲ್ಲಿ ಎಲೋದಿಯಾಳಿಗೆ ಶಾಲೆಯ ಅಡುಗೆಮನೆಯಲ್ಲಿ ಕಾಯಂ ಕೆಲಸ ಸಿಕ್ಕಿತ್ತು. ತ್ರಿನಿಗೂ ಮದುವೆಯಾಗಿ, ಮಾರಿಬೆಲ್ ಎಂಬ ಒಂಬತ್ತು ವರ್ಷದ ಮಗಳಿದ್ದಳು. ಇಲ್ಲೇ ಹುಟ್ಟಿದವಳಾದ್ದರಿಂದ ಆ ಮಗುವಿಗೆ ಯಾವ ತೊಂದರೆಯೂ ಇರಲಿಲ್ಲ. ಗಂಡ ಮಾತ್ರ ಬಹಳ ದಿನ ನಿಲ್ಲಲಿಲ್ಲ, ಬೇರೆ ರಾಜ್ಯಕ್ಕೆ ಕೆಲಸಕ್ಕೆಂದು ಹೋದವನು ಅಲ್ಲಿಯೇ ಉಳಿದುಬಿಟ್ಟ.

"ಮುಂದಿನ ವರ್ಷ ಹಾಕೋಣ" ಎಂದಳು ಎಲೋದಿಯಾ. ಆ ಮುಂದಿನ ವರ್ಷ ಬಂತು, ಅದರ ಮುಂದಿನದೂ ಬಂತು.

ಎರಡು ಸಾವಿರದ ಒಂದರ ಜನವರಿಯಲ್ಲಿ ತ್ರಿನಿ ಉಸಿರು ಕಟ್ಟಿ ಓಡಿ ಬಂದಳು. ರೇಡಿಯೋದಲ್ಲಿ ಕೇಳಿದ್ದಳು. ಕಾಗದವಿಲ್ಲದೆ ಒಳಗೆ ಬಂದವರಿಗೂ ಒಂದು ಬಾಗಿಲು ತೆರೆದಿದೆ, ಆದರೆ ಏಪ್ರಿಲ್ ಮೂವತ್ತರ ಒಳಗೆ ಸಂಬಂಧಿಕರು ಅರ್ಜಿ ಹಾಕಿರಬೇಕು. "ಸರದಿ ಯಾವಾಗಾದ್ರೂ ಬರ್ಲಿ ಅಕ್ಕಾ, ಹೆಸರು ಒಳಗಿದ್ರೆ ಸಾಕಂತೆ!" ಎಂದು ತನ್ನ ಜನನ ಪತ್ರವನ್ನು ಅವಳ ಕೈಗಿಟ್ಟಳು.

ಫೆಬ್ರವರಿಯ ಒಂದು ಮಧ್ಯಾಹ್ನ ಎಲೋದಿಯಾ ಅರ್ಜಿ ಬರೆದುಕೊಡುವವನ ಬಳಿ ಹೋಗಿ ಕುಳಿತಳು. ಅವನು ಮುಖ ಎತ್ತದೆ ಪ್ರಶ್ನೆ ಕೇಳುತ್ತಾ ಹೋದ. ನಿಮಗೆ ಹಿಂದೆ ಬೇರೆ ಹೆಸರು ಇತ್ತೇ? ಅಂಪಾರೋ ಲುಹಾನ್. ಆ ಹೆಸರಲ್ಲಿ ಯಾವಾಗ, ಎಲ್ಲಿ? ಎಲೋದಿಯಾ ಮೇಜಿನ ಮೇಲಿಟ್ಟಿದ್ದ ಜನನ ಪತ್ರವನ್ನು ತನ್ನ ಕಡೆ ಎಳೆದುಕೊಂಡಳು. "ಹಳೇ ಫೈಲು ತೆಗೀತಾರಾ?" ಎಂದು ಕೇಳಿದಳು.

"ಸರ್ಕಾರ ಅಲ್ವಾ ಅಮ್ಮಾ. ಬೇಕು ಅಂದ್ರೆ ಎಲ್ಲಾ ತೆಗೀತಾರೆ. ನಿಮ್ಮ ತಂಗೀನೂ ಕರೆಸಿ ಕೇಳ್ತಾರೆ."

ತಂಗಿಯನ್ನು ಕರೆಸಿ ಕೇಳುತ್ತಾರೆ. ಆ ವರ್ಷ ನೀನೆಲ್ಲಿದ್ದೆ, ಏನು ಕೆಲಸ ಮಾಡುತ್ತಿದ್ದೆ? ತ್ರಿನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಐವತ್ತೆಂಟು ದಿನ ನಾನೇ ಅಂಪಾರೋ ಎಂದು ಅವಳ ಬಾಯಿಂದ ಬಂದರೆ ಪೌರತ್ವ, ಶಾಲೆಯ ಕೆಲಸ, ಮನೆ ಎಲ್ಲವೂ ಹೋದಂತೆಯೇ. ಎಲೋದಿಯಾ ಅರೆಬರೆ ತುಂಬಿದ ಅರ್ಜಿಯನ್ನು ಕೈಚೀಲಕ್ಕೆ ತುರುಕಿಕೊಂಡು ಎದ್ದಳು. ಇನ್ನೂ ಎರಡು ತಿಂಗಳಿದೆ, ಧೈರ್ಯ ತಂದುಕೊಂಡು ಬರೋಣ ಎಂದುಕೊಂಡಳು.

ಮನೆ ಬಾಗಿಲಲ್ಲೇ ಕಾದಿದ್ದ ತ್ರಿನಿ "ಹಾಕಿದ್ಯಾ?" ಎಂದಳು. ಮುಖದಲ್ಲಿ ಅಷ್ಟೊಂದು ಬೆಳಕು.

"ಹಾಕಿದೆ" ಎಂದುಬಿಟ್ಟಳು ಎಲೋದಿಯಾ.

ಸಂಜೆ ತ್ರಿನಿ ಒಂದು ಪಾತ್ರೆ ತುಂಬ ಕೊರುಂದಾ ಬೇಯಿಸಿ ತಂದಳು. ಜೋಳದ ಗರಿಯಲ್ಲಿ ಮೂಲೆ ಮೂಲೆಯಾಗಿ ಮಡಚಿದ ಆ ಕಡುಬನ್ನು ಊರಿನಲ್ಲಿ ಹಬ್ಬಕ್ಕೆ ಮಾತ್ರ ಮಾಡುತ್ತಿದ್ದರು. ಎಲೋದಿಯಾ ಮೂರು ತಿಂದಳು. ಮಾರ್ಚ್ ಕಳೆಯಿತು. ಏಪ್ರಿಲ್ ಮೂವತ್ತು ಸೋಮವಾರ ಬಂದಿತ್ತು. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಅವಳು ಗಡಿಯಾರ ನೋಡುತ್ತಿದ್ದಳು. ಎರಡು ಗಂಟೆ, ಇನ್ನೂ ಹೋಗಬಹುದು. ಮೂರೂವರೆ, ಓಡಿದರೆ ಸಿಕ್ಕೀತು. ಐದು ಹೊಡೆಯಿತು. ಆಗ ಅವಳಿಗಾದದ್ದು ದುಃಖವಲ್ಲ, ನಿರಾಳ. ಆ ನಿರಾಳವನ್ನು ಅವಳು ತನಗೇ ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಸುಳ್ಳನ್ನು ಕಾಪಾಡುವುದು ಕಷ್ಟವೇನೂ ಆಗಲಿಲ್ಲ. ಮೆಕ್ಸಿಕೋದ ಒಡಹುಟ್ಟಿದವರ ಸಾಲು ನಿಜಕ್ಕೂ ಇಪ್ಪತ್ತು ವರ್ಷ ಉದ್ದವಿತ್ತು. "ಇನ್ನೂ ತೊಂಬತ್ತರ ಇಸವಿಯವರನ್ನ ಕರೀತಿದಾರೆ" ಎಂದರೆ ತ್ರಿನಿ ನಂಬಿ ತಲೆಯಾಡಿಸುತ್ತಿದ್ದಳು. ಎರಡು ಸಾವಿರದ ಒಂಬತ್ತರಲ್ಲಿ ಊರಲ್ಲಿ ತಾಯಿ ತೀರಿಕೊಂಡಾಗ ಎಲೋದಿಯಾ ವಿಮಾನ ಹತ್ತಿದಳು. ತ್ರಿನಿ ಹೋದರೆ ಮರಳುವ ಹಾಗಿರಲಿಲ್ಲ. ಜಪಮಾಲೆ ಹೇಳುವಾಗ ಎಲೋದಿಯಾ ಫೋನನ್ನು ಶವಪೆಟ್ಟಿಗೆಯ ಅಂಚಿಗಿಟ್ಟಳು. ಸುತ್ತ ಕುಳಿತ ಹೆಂಗಸರ ದನಿಯ ಜೊತೆಗೆ, ಅಂಗೈಯಷ್ಟಗಲದ ಆ ಯಂತ್ರದೊಳಗಿಂದ ತಂಗಿಯ ದನಿ ಒಂದು ಉಸಿರು ತಡವಾಗಿ ಪ್ರಾರ್ಥನೆ ಹೇಳುತ್ತಿತ್ತು.

ಇಷ್ಟೆಲ್ಲ ಆಗಿ, ಎರಡು ಸಾವಿರದ ಹದಿಮೂರರ ಜೂನ್ ಬಂತು. ವಾಷಿಂಗ್ಟನ್ನಿನಲ್ಲಿ ಮತ್ತೊಂದು ದೊಡ್ಡ ಕಾನೂನಿನ ಮಾತು ನಡೆಯುತ್ತಿತ್ತು. ಕಾಗದವಿಲ್ಲದ ಲಕ್ಷಾಂತರ ಜನಕ್ಕೆ ಹದಿಮೂರು ವರ್ಷದ ದಾರಿ, ಹೊಲದಲ್ಲಿ ದುಡಿದವರಿಗೆ ಅದಕ್ಕಿಂತ ಬೇಗ. ಚರ್ಚಿನ ಸಭಾಂಗಣದಲ್ಲಿ ಭಾನುವಾರದ ಪೂಜೆಯ ನಂತರ ವಕೀಲರು ಮೇಜು ಹಾಕಿಕೊಂಡು ಪುಕ್ಕಟೆ ಸಲಹೆ ಕೊಡುತ್ತಿದ್ದರು. ತ್ರಿನಿ ಅಕ್ಕನನ್ನೂ ಮಗಳನ್ನೂ ಎಳೆದುಕೊಂಡು ಹೋದಳು. ಅವರಿಗೆ ಸಿಕ್ಕವಳು ಅನೂಶ್ ಬೆದ್ರೋಸಿಯನ್ ಎಂಬ ಅರ್ಮೇನಿಯನ್ ವಕೀಲೆ. ಇದೇ ಕಣಿವೆಯ ದ್ರಾಕ್ಷಿ ಬೆಳೆಗಾರರ ಮನೆಯವಳು, ಸ್ಪ್ಯಾನಿಷನ್ನು ಇವರಷ್ಟೇ ಸಲೀಸಾಗಿ ಮಾತಾಡುತ್ತಿದ್ದಳು.

"ನಾನು ಹೊಸ ಕಾನೂನಿಗೇನೂ ಕಾಯ್ತಿಲ್ಲ ಮೇಡಂ, ಸುಮ್ನೆ ಕೇಳೋಣ ಅಂತ ಬಂದೆ. ನಮ್ಮಕ್ಕ ಎರಡು ಸಾವಿರದ ಒಂದು, ಫೆಬ್ರವರೀಲೇ ಅರ್ಜಿ ಹಾಕಿದಾಳೆ" ಎಂದಳು ತ್ರಿನಿ.

ವಕೀಲೆ ಪೆನ್ನು ಕೆಳಗಿಟ್ಟಳು. "ಯಾವಾಗ ಅಂದ್ರಿ?"

"ಫೆಬ್ರವರಿ."

"ಏಪ್ರಿಲ್‌ಗೆ ಮುಂಚೆ. ಆಗ ನೀವು ಇಲ್ಲೇ ಇದ್ರಿ. ಇವರು ನಿಮ್ಮ ಮಗಳಾ? ಇಲ್ಲೇ ಹುಟ್ಟಿದ್ದಾ? ಎಷ್ಟು ವಯಸ್ಸಮ್ಮಾ ನಿಂಗೆ?"

"ಇಪ್ಪತ್ತೈದು" ಎಂದಳು ಮಾರಿಬೆಲ್.

ವಕೀಲೆಯ ಮುಖ ಅರಳಿತು. "ಅಯ್ಯೋ ಅಮ್ಮಾ, ಮಗಳಿಗೆ ಇಪ್ಪತ್ತೊಂದು ಆದಾಗ್ಲೇ ಹಾಕಬಹುದಿತ್ತು, ನಾಲ್ಕು ವರ್ಷದಿಂದ ಸುಮ್ನೆ ಕೂತಿದೀರಲ್ಲ! ಆ ಹಳೇ ಅರ್ಜಿ ಇಲ್ದಿದ್ರೆ ಊರಿಗೆ ಹೋಗಿ ಹತ್ತು ವರ್ಷ ಹೊರಗೇ ಇರ್ಬೇಕಾಗ್ತಿತ್ತು. ಅದು ಇದ್ರೆ ನೀವು ಈ ದೇಶ ಬಿಟ್ಟು ಹೋಗೋದೇ ಬೇಡ. ಮಗಳ ಮೂಲಕ ಇಲ್ಲೇ ಗ್ರೀನ್ ಕಾರ್ಡ್. ಸಾಲೂ ಇಲ್ಲ, ಏನೂ ಇಲ್ಲ. ಒಂದು ವರ್ಷ, ಹೆಚ್ಚು ಅಂದ್ರೆ ಒಂದೂವರೆ. ರಸೀದಿ ತಂದ್ಬಿಡಿ."

ತ್ರಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಕ್ಕನ ಕಡೆ ತಿರುಗಿದಳು. ಕಣ್ಣಿಂದ ನೀರು ಧಾರೆ ಧಾರೆಯಾಗಿ ಇಳಿಯುತ್ತಿತ್ತು. "ನೋಡಕ್ಕ, ನೀನು ಮಾಡಿದ್ದು ನೋಡು" ಎಂದಳು.

"ರಸೀದಿ ಮನೇಲೆಲ್ಲೋ ಇರಬೇಕು" ಎಂದಿತು ಎಲೋದಿಯಾಳ ಬಾಯಿ.

ಮರುದಿನವೇ ತಾಯಿ ಮಗಳು ಹುಡುಕಲು ಬಂದರು. ಹೊರಗೆ ನೂರನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಗಂಡ ಸತ್ತಮೇಲೆ ಎಲೋದಿಯಾ ಒಬ್ಬಳೇ ಇದ್ದ ಆ ಮನೆಯ ಕಪಾಟು, ಪೆಟ್ಟಿಗೆ, ಡಬ್ಬಿಗಳೆಲ್ಲ ಪಡಸಾಲೆಯ ನೆಲದ ಮೇಲೆ ಬಂದವು. ಎಲೋದಿಯಾಳೂ ಹುಡುಕಿದಳು. ಇಲ್ಲದ ಕಾಗದವನ್ನು ಹುಡುಕುವಾಗ ಕೈ ಎಷ್ಟು ಬೇಗ ಆಡಬೇಕು, ಮುಖ ಹೇಗಿರಬೇಕು ಎಂದು ಯೋಚಿಸುತ್ತಾ ಹುಡುಕಿದಳು. ಮಗನ ಅಂಕಪಟ್ಟಿ ಸಿಕ್ಕಿತು, ಹಳೆಯ ವಿದ್ಯುತ್ ಬಿಲ್ಲು ಸಿಕ್ಕಿತು.

"ದೊಡ್ಡಮ್ಮಾ, ಸಿಗದಿದ್ರೂ ತಲೆ ಕೆಡಿಸ್ಕೋಬೇಡಿ" ಎಂದಳು ಮಾರಿಬೆಲ್. "ವಕೀಲರು ಫೋನ್ ಮಾಡಿದ್ರು. ಅಮ್ಮನ ಹೆಸರು ಕೊಟ್ರೆ ಸರ್ಕಾರದವರೇ ಫೈಲಿನ ನಕಲು ಕಳಿಸ್ತಾರಂತೆ. ಸ್ವಲ್ಪ ತಿಂಗಳು ಹಿಡಿಯತ್ತೆ ಅಷ್ಟೇ."

ತ್ರಿನಿ ಮಂಚದ ಕೆಳಗೆ ತಲೆ ಹಾಕಿದ್ದಳು. ನಲವತ್ತೊಂಬತ್ತು ವರ್ಷದ, ಶೆಡ್ಡಿನಲ್ಲಿ ನಿಂತು ನಿಂತು ಬಾತ ಮಂಡಿಗಳನ್ನು ನೆಲಕ್ಕೂರಿ, ಧೂಳಿಗೆ ಸೀನುತ್ತಾ "ಇಲ್ಲೊಂದು ಷೂ ಡಬ್ಬಿ ಇದೆ ನೋಡು! ಇದರಲ್ಲೇ ಇರತ್ತೆ, ನನ್ನ ಮನಸ್ಸು ಹೇಳ್ತಿದೆ" ಎಂದು ಅದನ್ನು ಎಳೆಯುತ್ತಿದ್ದಳು. ಎಲೋದಿಯಾಳಿಗೆ ತಡೆಯಲಾಗಲಿಲ್ಲ.

"ತ್ರಿನಿ, ಮೇಲೆ ಏಳು. ಅದರಲ್ಲಿಲ್ಲ."

"ನೋಡದೇನೇ ಹೇಗೆ ಹೇಳ್ತೀಯ?"

"ಎಲ್ಲೂ ಇಲ್ಲ. ನಾನು ಹಾಕ್ಲಿಲ್ಲ."

ತ್ರಿನಿ ಡಬ್ಬಿಯನ್ನು ಎದೆಗೊತ್ತಿ ಹಿಡಿದೇ ಮೇಲೆದ್ದಳು. "ಅಂದ್ರೆ, ಹಾಕಿ ವಾಪಸ್ ಬಂತಾ?"

"ಹಾಕಲೇ ಇಲ್ಲ ಕಣೇ. ಹೋದೆ, ಕೂತೆ, ಭಯ ಆಯ್ತು. ಆ ತೊಂಬತ್ತೇಳು ದಿನದ ವಿಷಯ ಹೊರಗೆ ಬರತ್ತೆ ಅಂತ. ಎದ್ದು ಬಂದೆ. ನೀನು ಬಾಗಿಲಲ್ಲೇ ನಿಂತಿದ್ದೆ... ಹಾಕಿದೆ ಅಂದ್ಬಿಟ್ಟೆ."

ಮಾರಿಬೆಲ್ ಕೈಯಲ್ಲಿದ್ದ ಕಾಗದಗಳನ್ನು ನಿಧಾನವಾಗಿ ಕೆಳಗಿಟ್ಟಳು.

"ಭಯ" ಎಂದಳು ತ್ರಿನಿ. "ಇಪ್ಪತ್ತೊಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಲೈಸೆನ್ಸಿಲ್ಲದೆ ಗಾಡಿ ಓಡಿಸ್ಕೊಂಡು ಕೆಲಸಕ್ಕೆ ಹೋಗ್ತೀನಿ. ಹಿಂದೆ ಪೊಲೀಸ್ ಗಾಡಿ ಕಂಡ್ರೆ ಪಕ್ಕದ ಗಲ್ಲಿಗೆ ತಿರುಗಿಸ್ಬಿಡ್ತೀನಿ. ನಂಗೆ ಹೇಳ್ತೀಯ ಭಯ ಅಂದ್ರೇನು ಅಂತ? ಹನ್ನೆರಡು ವರ್ಷ ಅಕ್ಕಾ! ಯಾವತ್ತಾದ್ರೂ ಒಂದು ಭಾನುವಾರ ಹೇಳ್ಬಹುದಿತ್ತಲ್ಲ. ಶೆಡ್ಡಲ್ಲಿ ಎಲ್ಲರ ಮುಂದೆ ಜಂಭ ಕೊಚ್ಕೊಂಡೆನಲ್ಲೇ ನಾನು."

"ತಪ್ಪಾಯ್ತು."

"ಬರೀ ಭಯಾನಾ? ನಿಜ ಹೇಳು."

ಎಲೋದಿಯಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಈ ಪ್ರಶ್ನೆಯನ್ನು ಅವಳು ತನಗೇ ಕೇಳಿಕೊಂಡು, ಪ್ರತಿ ಸಲವೂ ಉತ್ತರ ಬರುವ ಮೊದಲೇ ಎದ್ದು ಹೋಗಿದ್ದಳು. ಬ್ಯಾಂಕಿಗೆ, ಆಸ್ಪತ್ರೆಗೆ, ಶಾಲೆಗೆ ತಂಗಿಯ ಜೊತೆ ಹೋಗಿ "ನಾನು ಇವಳ ಅಕ್ಕ, ನಾನು ಸಹಿ ಹಾಕ್ತೀನಿ" ಎನ್ನುವಾಗ ಅವಳ ಬೆನ್ನು ಎಷ್ಟು ನೆಟ್ಟಗಾಗುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು.

"ಬರೀ ಭಯ ಅಲ್ಲ" ಎಂದಳು. "ನೀನು ನನ್ನ ಕೇಳ್ಕೊಂಡು ಬರೋದು... ಅಭ್ಯಾಸ ಆಗಿತ್ತು ನಂಗೆ."

ತ್ರಿನಿ ಡಬ್ಬಿಯನ್ನು ಮಂಚದ ಮೇಲಿಟ್ಟಳು. ಅಂಗೈಯ ಧೂಳನ್ನು ಲಂಗಕ್ಕೆ ಒರೆಸಿಕೊಂಡು ಹೊರಟುಹೋದಳು. ಮಾರಿಬೆಲ್ ಹೊಸ್ತಿಲಲ್ಲಿ ಒಮ್ಮೆ ನಿಂತು ದೊಡ್ಡಮ್ಮನನ್ನು ನೋಡಿದಳು. ಆಮೇಲೆ ಅವಳೂ ಹೋದಳು.

ಆ ವಾರವೇ ಎಲೋದಿಯಾ ಒಬ್ಬಳೇ ಅನೂಶ್ ವಕೀಲೆಯ ಕಚೇರಿಗೆ ಹೋಗಿ ಒಂದಕ್ಷರ ಬಿಡದೆ ಎಲ್ಲವನ್ನೂ ಹೇಳಿದಳು. "ನಾನೇ ಹೋಗಿ ಒಪ್ಕೋತೀನಿ ಮೇಡಂ. ಆ ದಿನಗಳಲ್ಲಿ ಐವತ್ತೆಂಟು ಅವಳದು ಅಂತ ಬರ್ಕೊಡ್ತೀನಿ. ನಂದು ಕಿತ್ಕೊಂಡು ಅವಳಿಗೆ ಕೊಡ್ತಾರಾ?"

ವಕೀಲೆ ಫೈಲು ಮುಚ್ಚಿದಳು. "ಕಿತ್ಕೋಬಹುದು" ಎಂದಳು. "ಕೊಡಲ್ಲ."

"ಮತ್ತೆ ನಾನೇನು ಮಾಡ್ಲಿ?"

"ಕಾನೂನಲ್ಲಿ ನೀವು ಮಾಡೋಂಥದ್ದು ಏನೂ ಉಳಿದಿಲ್ಲಮ್ಮಾ. ಹೊಸದು ಬಂದ್ರೆ ಬರ್ಲಿ ಅಂತ ಕಾಯ್ಬೇಕು, ಅಷ್ಟೇ."

ಶಿಕ್ಷೆಯಾದರೂ ಸಿಗುತ್ತದೆ ಎಂದು ಹೋಗಿದ್ದವಳಿಗೆ ಅದೂ ಸಿಗಲಿಲ್ಲ. ಹೊಸ ಕಾನೂನು ಜೂನ್ ಕೊನೆಗೆ ಮೇಲ್ಮನೆಯಲ್ಲಿ ಗೆದ್ದಿತು. ಟಿವಿಯಲ್ಲಿ ಜನ ಅಪ್ಪಿಕೊಂಡು ಅಳುವುದನ್ನು ಎಲೋದಿಯಾ ನೋಡಿದಳು, ಕೈ ಮುಗಿದಳು. ಕೆಳಮನೆಯಲ್ಲಿ ಅದನ್ನು ಮತಕ್ಕೆ ಹಾಕಲೇ ಇಲ್ಲ. ದ್ರಾಕ್ಷಿ ಒಣಗಿತು, ಕಿತ್ತಳೆ ಕಾಲ ಬಂತು, ಕ್ರಿಸ್ಮಸ್ ಬಂತು. ಕೆಳಮನೆಯವರು ಬೇರೆ ವಿಷಯ ಮಾತಾಡುತ್ತಿದ್ದರು. ತ್ರಿನಿ ಫೋನ್ ಎತ್ತುತ್ತಿರಲಿಲ್ಲ. ಚರ್ಚಿನಲ್ಲಿ ಕಂಡರೆ ಆಚೆ ಬದಿಯ ಬೆಂಚಿಗೆ ಹೋಗಿ ಕೂರುತ್ತಿದ್ದಳು. "ನಿನ್ನ ಸರದಿ ಎಲ್ಲೀವರ್ಗೆ ಬಂತೇ?" ಎಂದು ಶೆಡ್ಡಿನಲ್ಲಿ ಯಾರೋ ಕೇಳಿದಾಗ ಅವಳು ಎದ್ದು ಶೌಚಾಲಯಕ್ಕೆ ಹೋದಳೆಂದೂ, ಅರ್ಧ ಗಂಟೆ ಹೊರಗೆ ಬರಲಿಲ್ಲವೆಂದೂ ಎಲೋದಿಯಾಳ ಕಿವಿಗೆ ಬಿತ್ತು. ಅಂದು ಅವಳು ಊಟ ಮಾಡಲಿಲ್ಲ. ಎದುರಿಗೆ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಮುಂದಿನ ವರ್ಷದ ಮೇ ತಿಂಗಳಲ್ಲಿ, ಒಂದು ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ತ್ರಿನಿ. ಹನ್ನೊಂದು ತಿಂಗಳಲ್ಲಿ ತಲೆಯ ಮುಂಭಾಗ ಪೂರ್ತಿ ಬೆಳ್ಳಗಾಗಿತ್ತು.

"ವೋಟಿನ ಕಾಗದ ಬಂತಾ ಅಂಚೇಲಿ?"

ಎಲೋದಿಯಾಳಿಗೆ ಮೊದಲು ಅರ್ಥವಾಗಲಿಲ್ಲ. "ಬಂದಿದೆ. ಅಲ್ಲೆಲ್ಲೋ ಬಿದ್ದಿದೆ. ನಾನು ಹಾಕೋದೇ ಇಲ್ಲವಲ್ಲ..."

"ಹದಿನೇಳು ವರ್ಷದಲ್ಲಿ ಎಷ್ಟು ಸಲ ಹಾಕಿದೀಯ?"

"ಎರಡು ಸಲ ಇರ್ಬೇಕು."

"ಥೂ ನಿನ್ನ" ಎಂದಳು ತ್ರಿನಿ. ಒಳಗೆ ಬಂದು, ಹಿಂದೆ ಭಾನುವಾರ ಕೂರುತ್ತಿದ್ದ ಕುರ್ಚಿಯನ್ನು ಬಿಟ್ಟು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಳು. "ನನ್ನ ದಿನ ತಗೊಂಡು ಪ್ರಜೆ ಆದೆ. ಆದ್ಮೇಲೆ ಆ ವೋಟನ್ನ ಹಳೇ ಪೇಪರ್ ಜೊತೆ ಬಿಸಾಕ್ತೀಯ. ತಗೊಂಡ್ ಬಾ ಇಲ್ಲಿ. ಇನ್ಮೇಲೆ ಪ್ರತಿ ಸಲಾನೂ ಹಾಕ್ಬೇಕು. ನಾನು ಬಂದು ಕೂತಿರ್ತೀನಿ."

ಎಲೋದಿಯಾ ಮನೆಯಲ್ಲೇ ಗುರುತು ಹಾಕಿ ಅಂಚೆಯಲ್ಲಿ ಕಳಿಸುವ ಆ ಮತಪತ್ರದ ಲಕೋಟೆ ತಂದು ಬಿಡಿಸಿದಳು. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದಳು. ತ್ರಿನಿ ಜೇಬಿನಿಂದ ಒಂದು ಮಡಚಿದ ಹಾಳೆ ತೆಗೆದಳು. ಯಾರು ಕಾನೂನಿನ ಪರ ಮಾತಾಡಿದವರು, ಯಾರು ವಿರುದ್ಧ, ಯಾರು ಚುನಾವಣೆ ಬಂದಾಗ ಮಾತ್ರ ಚರ್ಚಿಗೆ ಬಂದು ಟಮಾಲೆ ಕಡುಬು ತಿಂದು ಹೋದವರು ಎಂದು ಮಾರಿಬೆಲ್ಲಳ ಕೈಲಿ ಬರೆಸಿಕೊಂಡಿದ್ದಳು. ಕೆಲವರ ಬಗ್ಗೆ ಅಕ್ಕತಂಗಿಯರ ನಡುವೆ ಜಗಳವೇ ಆಯಿತು. ಶಾಲಾ ಮಂಡಳಿಯ ಒಬ್ಬನ ಬಗ್ಗೆ ಎಲೋದಿಯಾ "ಅವನು ಒಳ್ಳೇವ್ನು ಕಣೇ, ಅಡುಗೆಮನೆಗೆ ಫ್ಯಾನ್ ಹಾಕ್ಸಿದ" ಎಂದಳು. "ಸರಿ, ಅವನಿಗೆ ಹಾಕು, ಫ್ಯಾನಿಗೋಸ್ಕರ" ಎಂದಳು ತ್ರಿನಿ. ಅವಳ ತುಟಿಯ ಒಂದು ಕೊನೆ ಅಲುಗಿತು, ನಗುವಾಗಲಿಲ್ಲ.

ಕೊನೆಗೆ ಲಕೋಟೆಯ ಹಿಂದೆ ಸಹಿ ಹಾಕಬೇಕಿತ್ತು. ಎಲೋದಿಯಾ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ತ್ರಿನಿ ಬಗ್ಗಿ ಆ ಸಹಿಯನ್ನು ನೋಡುತ್ತಾ ನಿಂತಳು.

"ಕಾಫಿ ಮಾಡ್ತೀನಿ, ಕೂತ್ಕೊ" ಎಂದಳು ಎಲೋದಿಯಾ.

"ಬೇಡ."

"ನನ್ನ ಕ್ಷಮಿಸ್ತೀಯಾ ಅಂತ ಕೇಳಲ್ಲ ನಾನು."

"ಕೇಳ್ಬೇಡ" ಎಂದಳು ತ್ರಿನಿ. "ಮುಂದಿನ ವೋಟು ನವೆಂಬರಲ್ಲಿ ಅಲ್ವಾ?"

"ಹೌದು."

"ಬರ್ತೀನಿ."

ಅವಳು ಗಾಡಿ ಹತ್ತಿ, ರಸ್ತೆಯ ಎರಡೂ ಕಡೆ ನೋಡಿ, ಎಂದಿನಂತೆ ತೀರಾ ನಿಧಾನವಾಗಿ ಓಡಿಸಿಕೊಂಡು ಹೋದಳು. ಎಲೋದಿಯಾ ಚಪ್ಪಲಿ ಮೆಟ್ಟಿಕೊಂಡಳು. ಮನೆ ಮುಂದಿನ ಡಬ್ಬಿಯಲ್ಲಿ ಹಾಕಿದ್ದರೂ ಅಂಚೆಯವನು ಒಯ್ಯುತ್ತಿದ್ದ. ಅವಳು ಹಾಗೆ ಮಾಡಲಿಲ್ಲ. ಬಿಸಿಲಲ್ಲಿ ಒಂದೂವರೆ ಮೈಲಿ ನಡೆದು ಅಂಚೆ ಕಚೇರಿಗೆ ಹೋಗಿ, ಲಕೋಟೆಯನ್ನು ಗುಮಾಸ್ತೆಯ ಕೈಗೇ ಕೊಟ್ಟು, ಅವಳು ಅದನ್ನು ಒಳಗಿನ ಬುಟ್ಟಿಗೆ ಹಾಕುವವರೆಗೂ ಕಿಟಕಿಯ ಮುಂದೆ ನಿಂತಿದ್ದಳು.